ಪರದೆ ಆಮೇಲೆ, ನೀರಿನಡಿಯ ಕಿವಿ ಮೊದಲು: ಸಣ್ಣ ದೋಣಿಗೆ ಜಿಪಿಎಸ್ ಮತ್ತು ಫಿಶ್‌ಫೈಂಡರ್ ಆರಿಸುವ ಬಗ್ಗೆ

(ಸಣ್ಣ ದೋಣಿಯ ಮೀನುಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ಗೆಳೆಯರೆ, ಮಾತು ಶುರು ಮಾಡುವ ಮೊದಲು ಈ ವಸ್ತುವನ್ನು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಕೈಯಿಂದ ಕೈಗೆ ದಾಟಿಸಿ. ಕಪ್ಪು ಪ್ಲಾಸ್ಟಿಕ್, ಅಂಗೈಯಲ್ಲಿ ಕೂರುವ ಗಾತ್ರ, ಹಿಂದೆ ಬಾಲದ ಹಾಗೆ ಒಂದು ಕೇಬಲ್. ಅದರ ತಳವನ್ನು ಬೆರಳಿನಿಂದ ಸವರಿ ನೋಡಿ. ನುಣ್ಣಗಿದೆ. ಆದರೆ ಒಂದು ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಒರಟು ಪಟ್ಟಿ ಸಿಗುತ್ತದೆ, ಅಲ್ಲಿ ಒಂದು ಕಾಲದಲ್ಲಿ ಪಾಚಿ, ಚಿಪ್ಪು ಅಂಟಿಕೊಂಡಿತ್ತು. ಇದು ಟ್ರಾನ್ಸ್‌ಡ್ಯೂಸರ್. ಅಂಗಡಿಯಲ್ಲಿ ಮೆಷಿನ್ ಕೊಳ್ಳುವಾಗ ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ ಈ ತುಂಡನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಇದೊಂದನ್ನೇ: ಫಿಶ್‌ಫೈಂಡರ್, ಅಂದರೆ ಸದ್ದು ಕಳಿಸಿ ಮೀನು ಹುಡುಕುವ ಮೆಷಿನ್, ಆರಿಸುವ ಕೆಲಸ ಈ ತುಂಡಿನಿಂದ ಶುರುವಾಗಬೇಕು, ಪರದೆಯ ಅಳತೆ ಕಟ್ಟಕಡೆಗೆ ಬರಬೇಕು.

ಇದರೊಳಗೆ ಪಿಂಗಾಣಿಯ ಜಾತಿಯ ಒಂದು ಬಿಲ್ಲೆ ಇದೆ. ವಿದ್ಯುತ್ ಕೊಟ್ಟರೆ ಅದು ಕಂಪಿಸಿ ಸದ್ದು ಮಾಡುತ್ತದೆ. ಮರಳಿ ಬಂದ ಸದ್ದು ಅದನ್ನು ತಟ್ಟಿದರೆ ವಿದ್ಯುತ್ ಹುಟ್ಟಿಸುತ್ತದೆ. ಅಂದರೆ ಬಾಯಿಯೂ ಅದೇ, ಕಿವಿಯೂ ಅದೇ. ಹರಳುಗಳ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡುಹಿಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ವಿಜ್ಞಾನಿ ಲಾಂಜೆವಿನ್ ಅದನ್ನು ಜಲಾಂತರ್ಗಾಮಿಗಳ ಪತ್ತೆಗೆ ಬಳಸಲು ಹೊರಟರು. 1948ರ ಹೊತ್ತಿಗೆ ಜಪಾನಿನ ಫುರುನೊ ಸಹೋದರರು ಅದನ್ನು ಮೀನು ಹುಡುಕುವ ಯಂತ್ರವಾಗಿ ಮೀನುಗಾರರ ಕೈಗೆ ಕೊಟ್ಟರು. ಅಂದಿನಿಂದ ಪರದೆ ಹತ್ತಾರು ಸಲ ಬದಲಾಗಿದೆ, ಮೂಲ ಲೆಕ್ಕ ಬದಲಾಗಿಲ್ಲ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಕೆಳಕ್ಕೆ ಕಳಿಸಿದ ಸದ್ದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ ಮರಳಿ ಬಂತೆಂದರೆ ಹೋಗಿ ಬಂದ ದಾರಿ 30 ಮೀಟರ್, ಆಳ 15 ಮೀಟರ್. ಮೆಷಿನ್ ಮಾಡುವುದು ಇಷ್ಟೇ, ಇದನ್ನೇ ಬಿಡದೆ ಮಾಡುತ್ತಿರುತ್ತದೆ.

ನನ್ನ ಮೊದಲ ಮೆಷಿನ್ನಿನ ಕಥೆ ಹೇಳುತ್ತೇನೆ. ಕೈಗೆ ಎಟುಕಿದ್ದರಲ್ಲಿ ಅತಿ ದೊಡ್ಡ ಪರದೆಯದನ್ನೇ ತಂದೆ. ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂಬದಿಯ ಹಲಗೆಗೆ, ಎಲ್ಲಿ ಸ್ಕ್ರೂ ಕೂರಿಸಲು ಸಲೀಸೋ ಅಲ್ಲಿ ಬಿಗಿದೆ. ದೋಣಿ ನಿಂತಿದ್ದಾಗ ಚಿತ್ರ ಕನ್ನಡಿಯ ಹಾಗಿತ್ತು. ಎಂಜಿನ್ ಹಾಕಿ ಸ್ವಲ್ಪ ವೇಗ ಹಿಡಿದರೆ ಸಾಕು, ಸಮುದ್ರದ ತಳ ತೋರಿಸುವ ಗೆರೆ ಮಾಯವಾಗಿ ಪರದೆ ತುಂಬ ಚುಕ್ಕಿ. ಆಳದ ಅಂಕಿ ಒಮ್ಮೆ 4 ಅನ್ನುತ್ತದೆ, ಇನ್ನೊಮ್ಮೆ 90. ಒಂದಿಡೀ ಹಂಗಾಮು ಮೆಷಿನ್ನನ್ನೇ ಬೈದೆ, ಬದಲಾಯಿಸಲೂ ಹೊರಟಿದ್ದೆ. ಕೊನೆಗೊಂದು ದಿನ ಜೊತೆಗಾರನ ಕೈಗೆ ಚುಕ್ಕಾಣಿ ಕೊಟ್ಟು, ಹಿಂದೆ ಬಗ್ಗಿ ಕೂತು ನೀರನ್ನೇ ನೋಡಿದೆ. ದೋಣಿಯ ತಳದಲ್ಲಿ ಉದ್ದಕ್ಕೆ ಒಂದು ಏಣು ಇತ್ತು. ಅದರ ಹಿಂದಿನಿಂದ ಹಾಲಿನಂತೆ ಬೆಳ್ಳಗೆ ನೊರೆ ಎದ್ದು ಸೀದಾ ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಬಡಿಯುತ್ತಿತ್ತು. ನೀರಿನಲ್ಲಿ ಹೋಗುವ ಸದ್ದಿಗೆ ಗಾಳಿಗುಳ್ಳೆ ಗೋಡೆಯಿದ್ದ ಹಾಗೆ, ಅದನ್ನು ದಾಟಲು ಆಗುವುದಿಲ್ಲ. ಮರುದಿನ ಅದನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ, ಮುಖವನ್ನು ದೋಣಿಯ ತಳಕ್ಕಿಂತ ಕೂದಲೆಳೆಯಷ್ಟು ಕೆಳಗೆ ಬರುವಂತೆ ಕೂರಿಸಿದೆ. ಅದೇ ಮೆಷಿನ್, ಅದೇ ವೇಗ, ತಳದ ಗೆರೆ ಅಲುಗಲಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ನಿಮ್ಮ ದೋಣಿಯ ತಳವನ್ನು ಮೇಲೆ ಎಳೆದಿಟ್ಟಾಗ ಒಮ್ಮೆ ಚೆನ್ನಾಗಿ ನೋಡಿ. ಏಣು, ರಿವೆಟ್ಟಿನ ಸಾಲು, ನೀರು ಎಳೆಯುವ ತೂತು ಎಲ್ಲಿದೆ? ಅವುಗಳ ನೇರ ಹಿಂದೆ ಟ್ರಾನ್ಸ್‌ಡ್ಯೂಸರ್ ಬರಬಾರದು. ಪ್ರೊಪೆಲರಿನಿಂದ ಒಂದು ಮೊಳವಾದರೂ ದೂರ ಇರಬೇಕು. ಹಿಂದಿನಿಂದ ನೋಡಿದಾಗ ಬಲಕ್ಕೆ ತಿರುಗುವ ಪ್ರೊಪೆಲರ್ ಇದ್ದರೆ ಸಾಮಾನ್ಯವಾಗಿ ದೋಣಿಯ ಬಲಬದಿ ಒಳ್ಳೆಯದು, ಎಡಬದಿಗೆ ನೊರೆ ಜಾಸ್ತಿ. ತೂತು ಕೊರೆಯುವ ಮುನ್ನ ಒಂದು ಮರದ ಪಟ್ಟಿಗೆ ಅದನ್ನು ಕಟ್ಟಿ, ಪಟ್ಟಿಯನ್ನು ಕ್ಲ್ಯಾಂಪಿನಿಂದ ಹಿಂಬದಿಗೆ ಹಿಡಿಸಿ, ಎರಡು ಮೂರು ಜಾಗದಲ್ಲಿ ಓಡಿಸಿ ನೋಡಿ. ಅರ್ಧ ದಿನದ ಕೆಲಸ. ದೋಣಿಗೆ ಬೇಡದ ತೂತುಗಳು ತಪ್ಪುತ್ತವೆ.

ತಳ ಯಾವುದರದ್ದು ಅನ್ನುವುದೂ ಆಯ್ಕೆಯನ್ನು ಬದಲಿಸುತ್ತದೆ. ಗಟ್ಟಿ ಫೈಬರ್ ತಳವಿದ್ದರೆ ತೂತೇ ಕೊರೆಯದೆ ಒಳಗಿನಿಂದ ಎಪಾಕ್ಸಿ ಹಾಕಿ ಅಂಟಿಸಬಹುದು, ಸದ್ದು ಫೈಬರನ್ನು ದಾಟಿ ಹೋಗುತ್ತದೆ. ಸ್ವಲ್ಪ ಶಕ್ತಿ ಕಳೆದುಕೊಳ್ಳುತ್ತೀರಿ, ಎಪಾಕ್ಸಿಯಲ್ಲಿ ಒಂದೇ ಒಂದು ಗಾಳಿಗುಳ್ಳೆ ಉಳಿದರೂ ಕೆಲಸ ಕೆಡುತ್ತದೆ, ನೀರಿನ ಉಷ್ಣತೆಯ ಬದಲು ದೋಣಿಯ ತಳದ ಉಷ್ಣತೆ ತೋರಿಸುತ್ತದೆ. ಆದರೂ ಮರಳಿನ ಮೇಲೆ ಎಳೆಯುವ ದೋಣಿಗೆ ಇದು ಬಾಳಿಕೆ ಬರುವ ದಾರಿ. ಎರಡು ಫೈಬರ್ ಪದರದ ನಡುವೆ ಫೋಮ್ ಅಥವಾ ಮರ ಇರುವ ತಳದಲ್ಲಿ ಇದು ನಡೆಯುವುದಿಲ್ಲ, ಮರದ ದೋಣಿ, ಲೋಹದ ದೋಣಿಯಲ್ಲೂ ಇಲ್ಲ. ಮರದ ತಳಕ್ಕೆ ತೂತು ಕೊರೆದು ಹಾಕುವುದಾದರೆ ಕಂಚಿನದನ್ನೇ ಹಾಕಿ. ನೀರು ಕುಡಿದ ಮರ ಉಬ್ಬಿ ಪ್ಲಾಸ್ಟಿಕ್ಕಿನದನ್ನು ಬಿರಿಯಿಸಿಬಿಡಬಹುದು. ಅಲ್ಯೂಮಿನಿಯಂ ದೋಣಿಗೆ ಮಾತ್ರ ಕಂಚು ಬೇಡವೇ ಬೇಡ. ಉಪ್ಪುನೀರಿನಲ್ಲಿ ಆ ಎರಡು ಲೋಹ ಒಂದನ್ನೊಂದು ಮುಟ್ಟಿದರೆ ಅಲ್ಯೂಮಿನಿಯಂ ಸವೆದು ಹೋಗುತ್ತದೆ.

ಇನ್ನು ಆಳ. ನೀವು ವರ್ಷದ ಹೆಚ್ಚಿನ ದಿನ ಎಷ್ಟು ಆಳದಲ್ಲಿ ಬಲೆ ಬಿಡುತ್ತೀರಿ, ಗಾಳ ಹಾಕುತ್ತೀರಿ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿ. ಯಾಕೆಂದರೆ ಮೆಷಿನ್ನಿನ ಸದ್ದಿಗೂ ಶ್ರುತಿ ಇದೆ. 50 ಕಿಲೋಹರ್ಟ್ಜ್ ಕೆಳಶ್ರುತಿ, ನೂರಾರು ಮೀಟರ್ ಆಳಕ್ಕೆ ಇಳಿಯುತ್ತದೆ, ಅಗಲವಾಗಿ ಹರಡುತ್ತದೆ, ಆದರೆ ವಿವರ ಒರಟು. 200 ಕಿಲೋಹರ್ಟ್ಜ್ ಮೇಲುಶ್ರುತಿ, ಸಣ್ಣ ಮೆಷಿನ್ನುಗಳಲ್ಲಿ ನೂರು ಮೀಟರ್ ಆಚೀಚೆ ಅದರ ಉಸಿರು ನಿಲ್ಲುತ್ತದೆ, ಆದರೆ ಅಲ್ಲಿಯವರೆಗೆ ಚೊಕ್ಕ ಚಿತ್ರ ಕೊಡುತ್ತದೆ. ಕಾರಣ ಸರಳ: 50ರ ಅಲೆಯ ಉದ್ದ 3 ಸೆಂಟಿಮೀಟರ್, 200ರ ಅಲೆ 7.5 ಮಿಲಿಮೀಟರ್. ದಪ್ಪ ಕುಂಚದಲ್ಲಿ ಸಣ್ಣ ಗೆರೆ ಎಳೆಯಲಾಗದು. ಇನ್ನೂ ಮೇಲೆ 455, 800 ಕಿಲೋಹರ್ಟ್ಜಿನ ಶ್ರುತಿಗಳಿವೆ, ಫೋಟೊದಂಥ ಚಿತ್ರ ಬರೆಯುತ್ತವೆ, ಆದರೆ ಬೇಗ ದಣಿಯುತ್ತವೆ. ಉಪ್ಪುನೀರಿನಲ್ಲಂತೂ ಇನ್ನೂ ಬೇಗ, ಏಕೆಂದರೆ ಸಮುದ್ರದಲ್ಲಿ ಕರಗಿರುವ ಮೆಗ್ನೀಸಿಯಂ ಸಲ್ಫೇಟ್ ಸದ್ದನ್ನು ಹೀರುತ್ತದೆ. ಸರೋವರದಲ್ಲಿ ಪರೀಕ್ಷಿಸಿ ಬರೆದ ಆಳದ ಅಂಕಿಯನ್ನು ಪೆಟ್ಟಿಗೆಯ ಮೇಲೆ ಓದಿ ಸಮುದ್ರಕ್ಕೆ ಹೊರಟವರು ನಿರಾಶರಾಗುವುದು ಇದಕ್ಕೇ.

ಸದ್ದು ಕೆಳಕ್ಕೆ ಹೋಗುವುದು ಟಾರ್ಚ್ ಬೆಳಕಿನ ಹಾಗೆ, ಶಂಕುವಿನ ಆಕಾರದಲ್ಲಿ. 20 ಡಿಗ್ರಿಯ ಶಂಕು ಅಂದರೆ 30 ಮೀಟರ್ ಆಳದಲ್ಲಿ ಸುಮಾರು ಹತ್ತೂವರೆ ಮೀಟರ್ ಅಗಲದ ಒಂದು ವೃತ್ತ. ಪರದೆಯಲ್ಲಿ ಮೀನು ಕಂಡರೆ ಅದು ಆ ವೃತ್ತದೊಳಗೆ ಎಲ್ಲೋ ಇದೆ; ನಿಮ್ಮ ಕಾಲ ಕೆಳಗೇ ಇದೆ ಎಂದಲ್ಲ. ಶಂಕು ಅಗಲವಿದ್ದಷ್ಟೂ ಮೀನು ಸಿಕ್ಕುವ ಸಂಭವ ಹೆಚ್ಚು, ಅದು ಎಲ್ಲಿದೆ ಎನ್ನುವ ಖಚಿತತೆ ಕಡಿಮೆ.

ಈಗ ಬರುವ ಬಹುಪಾಲು ಮೆಷಿನ್ನುಗಳ ಮೇಲೆ ಚರ್ಪ್ ಎಂಬ ಪದ ಇರುತ್ತದೆ. ಇದು ಮಾರಾಟದ ಬಣ್ಣದ ಮಾತಲ್ಲ, ನಿಜಕ್ಕೂ ಉಪಯೋಗವಿದೆ. ಹಳೆಯ ಮೆಷಿನ್ ಒಂದೇ ಸ್ವರವನ್ನು ಗಟ್ಟಿಯಾಗಿ ಹೊಡೆದು ಸುಮ್ಮನಾಗುತ್ತಿತ್ತು. ಚರ್ಪ್ ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಒಂದೇ ಉಸಿರಿನಲ್ಲಿ ಜಾರುತ್ತದೆ. ಮರಳಿ ಬರುವಾಗ ಆ ಜಾರನ್ನೇ ಗುರುತಿಟ್ಟು ಯಾವ ಪ್ರತಿಧ್ವನಿ ಯಾವ ಕ್ಷಣದ್ದು ಎಂದು ಬೇರ್ಪಡಿಸುತ್ತದೆ. ಹಳೆಯ ಕ್ರಮದಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗ ಸದ್ದು ಮಾಡಿದರೆ, ಒಂದರ ಕೆಳಗೊಂದು 75 ಸೆಂಟಿಮೀಟರಿಗಿಂತ ಹತ್ತಿರ ಇರುವ ಎರಡು ಮೀನು ಒಂದೇ ಮುದ್ದೆಯಾಗಿ ಕಾಣುತ್ತವೆ. ಚರ್ಪಿನಲ್ಲಿ ಆ ಅಂತರ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ತಳಕ್ಕೆ ಒತ್ತಿಕೊಂಡು ಮೇಯುವ ಮೀನು ಹಿಡಿಯುವವರಿಗೆ ಇದು ದೊಡ್ಡ ವ್ಯತ್ಯಾಸ. ಆದರೆ ಚರ್ಪ್ ಬೇಕೆಂದರೆ ಟ್ರಾನ್ಸ್‌ಡ್ಯೂಸರೂ ಆ ಶ್ರುತಿಯ ಅಗಲಕ್ಕೆ ಒಗ್ಗುವಂಥದ್ದು ಆಗಿರಬೇಕು. ಹಳೆಯ ಮೆಷಿನ್ನಿನ ತುಂಡಿಗೆ ಅಡಾಪ್ಟರ್ ಹಾಕಿ ಹೊಸದಕ್ಕೆ ಸಿಕ್ಕಿಸಿದರೆ ಪಿನ್ನು ಕೂರಬಹುದು, ಕೆಲಸ ಕೂರುವುದಿಲ್ಲ.

ಶಕ್ತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಪೆಟ್ಟಿಗೆಯ ಮೇಲೆ 4000 ವಾಟ್, ಇನ್ನೊಂದರ ಮೇಲೆ 500 ವಾಟ್ ಎಂದಿದ್ದರೆ ಬೆರಗಾಗಬೇಡಿ. ಮೊದಲನೆಯದು ಪೀಕ್ ಟು ಪೀಕ್ (ಅಲೆಯ ತುದಿಯಿಂದ ತುದಿಗೆ ಅಳೆದದ್ದು), ಎರಡನೆಯದು ಆರ್‌ಎಂಎಸ್ (ಸರಾಸರಿ ಶಕ್ತಿಯ ಲೆಕ್ಕ) ಆಗಿದ್ದರೆ ಎರಡೂ ಒಂದೇ, ಎಂಟರಿಂದ ಭಾಗಿಸಿದರಾಯಿತು. ಕೇಳಬೇಕಾದದ್ದು ಆರ್‌ಎಂಎಸ್ ಎಷ್ಟು ಅಂತ.

ಈಗ ಪರದೆಯ ಚಿತ್ರವನ್ನು ಓದುವ ವಿಷಯ. ಓದಲು ಬಂದವರಿಗೆ ಸಾಧಾರಣ ಮೆಷಿನ್ನೂ ಸಾಕು. ಬಲಗಡೆಯ ತುದಿಯ ಗೆರೆ ಮಾತ್ರ ಈ ಕ್ಷಣದ್ದು. ಅದರ ಎಡಕ್ಕೆ ಇರುವುದೆಲ್ಲ ಕಳೆದು ಹೋದದ್ದು, ನಿಮ್ಮ ಹಿಂದೆ ಉಳಿದ ನೀರು. ದೋಣಿ ಮೀನಿನ ಮೇಲೆ ಹಾದು ಹೋಗುವಾಗ ಮೊದಲು ಅದು ಶಂಕುವಿನ ಅಂಚಿನಲ್ಲಿ ಸಿಗುತ್ತದೆ, ಆಗ ದೂರ ತುಸು ಹೆಚ್ಚು. ನೆತ್ತಿಯ ಮೇಲೆ ಬಂದಾಗ ಕಡಿಮೆ. ದಾಟಿದ ಮೇಲೆ ಮತ್ತೆ ಹೆಚ್ಚು. ಅದಕ್ಕೇ ಮೀನು ಬಿಲ್ಲಿನ ಆಕಾರದಲ್ಲಿ ಮೂಡುತ್ತದೆ. ಲಂಗರು ಹಾಕಿ ನಿಂತಿದ್ದಾಗ ಕೆಳಗೆ ಒಂದು ಮೀನು ಅಲ್ಲೇ ಸುಳಿದಾಡಿದರೆ ಅದೇ ಉದ್ದನೆಯ ಹಗ್ಗವಾಗಿ ಕಾಣುತ್ತದೆ. ಉದ್ದ ನೋಡಿ ದೊಡ್ಡ ಮೀನು ಎಂದುಕೊಳ್ಳಬೇಡಿ, ಬಿಲ್ಲಿನ ದಪ್ಪ ಮತ್ತು ಬಣ್ಣ ನೋಡಿ.

ಇನ್ನೊಂದು ಮಾತು. ಸದ್ದು ಹೆಚ್ಚಾಗಿ ಮರಳುವುದು ಮೀನಿನ ಮಾಂಸದಿಂದಲ್ಲ, ಹೊಟ್ಟೆಯೊಳಗಿನ ಗಾಳಿಚೀಲದಿಂದ. ಗಾಳಿಚೀಲ ಇಲ್ಲದ ಶಾರ್ಕ್, ತೊರಕೆ, ಸ್ಕಿಪ್‌ಜಾಕ್ ಟ್ಯೂನಗಳು ಗಾತ್ರಕ್ಕೆ ತಕ್ಕ ಗುರುತು ಕೊಡುವುದಿಲ್ಲ. ಪರದೆಯಲ್ಲಿ ಪುಟ್ಟ ಪುಟ್ಟ ಮೀನಿನ ಬೊಂಬೆ ಮೂಡಿಸುವ ಸೌಲಭ್ಯ ಇದೆಯಲ್ಲ, ದಯವಿಟ್ಟು ಅದನ್ನು ಆಫ್ ಮಾಡಿಬಿಡಿ. ತೇಲುವ ಕಳೆಗೂ ಗಾಳಿಗುಳ್ಳೆಗೂ ಅದು ಮೀನಿನ ಬೊಂಬೆ ಅಂಟಿಸುತ್ತದೆ, ಕಣ್ಣು ಪಳಗುವುದನ್ನು ತಡೆಯುತ್ತದೆ.

ತಳವೂ ಮಾತಾಡುತ್ತದೆ. ಕೆಸರಾದರೆ ಸದ್ದನ್ನು ಹೀರಿಕೊಂಡು ತೆಳ್ಳಗೆ, ಮಂಕಾಗಿ ಕಾಣುತ್ತದೆ. ಬಂಡೆಯಾದರೆ ದಪ್ಪ, ಗಾಢ ಪಟ್ಟಿ. ಎಷ್ಟೋ ಸಲ ಅದರ ಎರಡರಷ್ಟು ಆಳದಲ್ಲಿ ಇನ್ನೊಂದು ತಳ ಕಾಣಿಸಿಕೊಳ್ಳುತ್ತದೆ, 20 ಮೀಟರಿನಲ್ಲಿ ಒಂದು, 40ರಲ್ಲಿ ಅದರದೇ ನೆರಳು. ಸದ್ದು ತಳಕ್ಕೆ ಬಡಿದು, ಮೇಲೆ ಬಂದು, ನೀರಿನ ಮೇಲ್ಮೈಗೆ ಬಡಿದು ಮತ್ತೊಮ್ಮೆ ಹೋಗಿ ಬಂದಿದೆ ಎಂದರ್ಥ. ಆ ಎರಡನೇ ತಳ ಕಂಡರೆ ಕೆಳಗೆ ಗಟ್ಟಿ ನೆಲ, ಬಲೆ ಬಿಡುವವರು ಯೋಚಿಸಬೇಕು, ಗಾಳ ಹಾಕುವವರು ಹಿಗ್ಗಬೇಕು. ಇನ್ನು, ತಳದ ಹತ್ತಿರ ಮೆಷಿನ್ನಿಗೆ ಕಾಣದ ಒಂದು ಪದರ ಯಾವಾಗಲೂ ಇರುತ್ತದೆ. ಮೊದಲು ಹೇಳಿದ ಆ 20 ಡಿಗ್ರಿಯ ಶಂಕುವಿನಲ್ಲಿ, 30 ಮೀಟರ್ ಆಳದಲ್ಲಿ, ಅಂಚಿನ ದೂರ ನಡುವಿಗಿಂತ ಸುಮಾರು 46 ಸೆಂಟಿಮೀಟರ್ ಜಾಸ್ತಿ. ಅಂಚಿನಲ್ಲಿ ನೆಲದಿಂದ 40 ಸೆಂಟಿಮೀಟರ್ ಮೇಲಿರುವ ಮೀನಿನ ಸದ್ದು ನಡುವಿನ ನೆಲದ ಸದ್ದಿನ ನಂತರ ಬಂದು ಸೇರುತ್ತದೆ, ತಳದ ಗೆರೆಯೊಳಗೆ ಮುಳುಗಿ ಹೋಗುತ್ತದೆ. ಇಳಿಜಾರಿನಲ್ಲಿ ಈ ಕುರುಡು ಇನ್ನೂ ಹೆಚ್ಚು. ಪರದೆ ಖಾಲಿ ಎಂದು ಜಾಗ ಖಾಲಿ ಎಂದುಕೊಂಡು ಹೊರಟುಬಿಡಬೇಡಿ.

ಈಗ ಜಿಪಿಎಸ್. ಇದರ ಬಗ್ಗೆ ನನಗೆ ಸ್ವಲ್ಪ ಭಾವುಕತೆ ಇದೆ, ಮುಚ್ಚಿಡುವುದಿಲ್ಲ. ಮೀನಿನ ಜಾಗ ಗುರುತಿಟ್ಟುಕೊಳ್ಳಲು ಜಿಪಿಎಸ್ ಬೇಕು ಎಂದು ಎಲ್ಲರೂ ಕೊಳ್ಳುತ್ತಾರೆ. ಅದರ ಮೊದಲ ಕೆಲಸ ಮನೆಗೆ ಕರೆದು ತರುವುದು. ಮಂಜು ಮುಸುಕಿದಾಗ, ಮಳೆ ಗೋಡೆಯ ಹಾಗೆ ನಿಂತಾಗ, ದಂಡೆಯ ದೀಪ ಕಾಣದಾಗ, ಬೆಳಿಗ್ಗೆ ಹೋದ ದಾರಿಯ ಗೆರೆ ಪರದೆಯ ಮೇಲೆ ಉಳಿದಿರುತ್ತದೆ. ಆ ಗೆರೆಯ ಮೇಲೆ ಬಂಡೆ ಇಲ್ಲ ಎಂದು ನಿಮಗೆ ಗೊತ್ತು, ಯಾಕೆಂದರೆ ಬೆಳಿಗ್ಗೆ ನೀವೇ ಅಲ್ಲಿ ಹಾದು ಹೋಗಿದ್ದೀರಿ. ಉಬ್ಬರ ಇಳಿತದಲ್ಲಿ ನೀರು ಎಷ್ಟು ಇಳಿದಿದೆ ಎಂಬುದೊಂದನ್ನು ಲೆಕ್ಕ ಹಾಕಿಕೊಂಡು ಅದನ್ನೇ ಹಿಡಿದು ಮರಳಬಹುದು. ಹಾಗಾಗಿ ಕೊಳ್ಳುವಾಗ ದಾರಿಯ ಗೆರೆಯನ್ನು ಎಷ್ಟು ಉಳಿಸಿಕೊಳ್ಳುತ್ತದೆ, ಮರಳುವಾಗ ಅದನ್ನು ಎಷ್ಟು ಗುಂಡಿ ಒತ್ತಿ ತೆರೆಯಬೇಕು ಎಂದು ಕೇಳಿ. ಹಾಗೆಯೇ ಮನುಷ್ಯ ನೀರಿಗೆ ಬಿದ್ದಾಗ ಒತ್ತುವ ಗುಂಡಿ ಎಲ್ಲಿದೆ ಎಂದು ನೋಡಿ. 6 ನಾಟ್ ವೇಗದ ದೋಣಿ ಒಂದು ನಿಮಿಷದಲ್ಲಿ 185 ಮೀಟರ್ ದಾಟುತ್ತದೆ. ಅಲೆಗಳ ನಡುವೆ ಅಷ್ಟು ದೂರದ ಒಂದು ತಲೆ ಕಣ್ಣಿಗೆ ಕಾಣುವುದಿಲ್ಲ. ಆ ಗುಂಡಿ ನಾಲ್ಕು ಮೆನುಗಳ ಒಳಗೆ ಅಡಗಿದ್ದರೆ ಆ ಮೆಷಿನ್ ನನಗೆ ಬೇಡ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ನಾಲ್ಕು ಉಪಗ್ರಹಗಳಾದರೂ ಸಿಕ್ಕಿದರೆ ಮೆಷಿನ್ ತನ್ನ ಜಾಗ ಲೆಕ್ಕ ಹಾಕುತ್ತದೆ. 2000ನೇ ಇಸವಿಯ ಮೇ ಆರಂಭದವರೆಗೆ ಅಮೆರಿಕ ಸರ್ಕಾರ ಸಾಮಾನ್ಯ ಜನರ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸುತ್ತಿತ್ತು, ನೂರು ಮೀಟರ್ ಆಚೀಚೆ ಆಗುತ್ತಿತ್ತು. ಅದು ನಿಂತ ಮೇಲೆ ಬಯಲು ಆಕಾಶದ ಕೆಳಗೆ ಕೆಲವೇ ಮೀಟರಿನ ಖಚಿತತೆ ಎಲ್ಲರಿಗೂ ಸಿಕ್ಕಿದೆ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಉಪಗ್ರಹಗಳನ್ನೂ ಕೇಳಬಲ್ಲ ಮೆಷಿನ್ನಾದರೆ ಇನ್ನೂ ಒಳ್ಳೆಯದು. ಖಚಿತತೆಯ ಅಂಕಿಗಾಗಿ ಹೆಚ್ಚು ಖರ್ಚು ಮಾಡಬೇಕಿಲ್ಲ, ಎಲ್ಲ ಮೆಷಿನ್ನುಗಳೂ ಇದರಲ್ಲಿ ಸಾಕಷ್ಟು ಚೆನ್ನಾಗಿವೆ. ತಗಡಿನ ಚಾವಣಿಯ ಕೆಳಗೆ ಇಡುವುದಾದರೆ ಮಾತ್ರ ಹೊರಗಿನ ಆಂಟೆನಾ ಜೋಡಿಸಲು ಬರುವಂಥದ್ದು ನೋಡಿ.

ಒಂದು ವಿಷಯದಲ್ಲಿ ಹೊಸಬರು ಮೋಸ ಹೋಗುತ್ತಾರೆ. ಜಿಪಿಎಸ್‌ಗೆ ನೀವು ಸಾಗುತ್ತಿರುವ ದಿಕ್ಕು ಗೊತ್ತು, ದೋಣಿಯ ಮೂತಿ ಯಾವ ಕಡೆ ಇದೆ ಎಂದು ಗೊತ್ತಿಲ್ಲ. ದೋಣಿ ನಿಂತಾಗ ಪರದೆಯ ಬಾಣ ಮನಬಂದಂತೆ ತಿರುಗುತ್ತದೆ. ಕತ್ತಲಲ್ಲಿ ಅದನ್ನೇ ನಂಬಿ ಎಂಜಿನ್ ಹಾಕಬೇಡಿ. ಸಾದಾ ಕಾಂತದ ದಿಕ್ಸೂಚಿ ಒಂದು ದೋಣಿಯಲ್ಲಿ ಇರಲೇಬೇಕು.

ಇನ್ನೊಂದು, ಅಂಕಿ ಬರೆದುಕೊಳ್ಳುವ ರೀತಿ. ಒಬ್ಬರು ತಮ್ಮ ಜಾಗದ ಅಕ್ಷಾಂಶ 10.50 ಎಂದು ಹೇಳಿದರು ಅಂದುಕೊಳ್ಳಿ. ಅದು ಹತ್ತೂವರೆ ಡಿಗ್ರಿಯೋ, 10 ಡಿಗ್ರಿ 50 ಮಿನಿಟೋ? ಹತ್ತೂವರೆ ಡಿಗ್ರಿ ಎಂದರೆ 10 ಡಿಗ್ರಿ 30 ಮಿನಿಟು. ಒಂದು ಮಿನಿಟು ಅಕ್ಷಾಂಶ 1852 ಮೀಟರ್, ಒಂದು ನಾಟಿಕಲ್ ಮೈಲಿ. ನಡುವಿನ ವ್ಯತ್ಯಾಸ 20 ಮೈಲಿ, 37 ಕಿಲೋಮೀಟರ್! ಇಷ್ಟು ದೊಡ್ಡ ತಪ್ಪು ಹೇಗೋ ಗೊತ್ತಾಗುತ್ತದೆ. ಗೊತ್ತಾಗದ ತಪ್ಪು 25.50 ಮಿನಿಟನ್ನು 25 ಮಿನಿಟು 50 ಸೆಕೆಂಡು ಎಂದು ತುಂಬಿಸುವುದು. ಅದು 600 ಮೀಟರಿಗೂ ಹೆಚ್ಚು ದೂರ. ಹೋಗಿ ಬಲೆ ಬಿಟ್ಟು, ಜಾಗ ಕೊಟ್ಟವನನ್ನು ಸುಳ್ಳುಗಾರ ಅಂದುಕೊಂಡು ಬರುತ್ತೀರಿ. ನಾನೂ ಹಾಗೆ ಒಬ್ಬ ಒಳ್ಳೆಯ ಗೆಳೆಯನ ಮೇಲೆ ವರ್ಷವಿಡೀ ಅಸಮಾಧಾನ ಇಟ್ಟುಕೊಂಡಿದ್ದೆ. ಕೊನೆಗೆ ಇಬ್ಬರ ಮೆಷಿನ್ನನ್ನೂ ಪಕ್ಕಪಕ್ಕ ಇಟ್ಟು ಸೆಟ್ಟಿಂಗ್ ನೋಡಿದಾಗ ತಪ್ಪು ಎಲ್ಲಿತ್ತೆಂದು ತಿಳಿಯಿತು. ಡಿಗ್ರಿ, ಮಿನಿಟು, ಮಿನಿಟಿನ ದಶಾಂಶ ಎಂಬ ರೀತಿಯನ್ನೇ ನಿಮ್ಮ ಗುಂಪಿನವರೆಲ್ಲ ಇಟ್ಟುಕೊಳ್ಳಿ. ಡೇಟಮ್, ಅಂದರೆ ಅಕ್ಷಾಂಶ ರೇಖಾಂಶಗಳನ್ನು ಅಳೆಯಲು ಹಿಡಿದ ಆಧಾರ, ಯಾವುದು ಎಂದು ಮೆಷಿನ್ ಕೇಳಿದರೆ ಡಬ್ಲ್ಯುಜಿಎಸ್ 84 ಇರಲಿ.

ನಕಾಶೆ ಇರುವ ಮೆಷಿನ್ ಬೇಕೆ, ಬರೀ ಗುರುತು ಮತ್ತು ದಾರಿ ತೋರುವುದು ಸಾಕೆ? ಹುಟ್ಟಿದಾಗಿನಿಂದ ಬಲ್ಲ ನೀರಿನಲ್ಲೇ ತಿರುಗುವವರಿಗೆ ಎರಡನೆಯದು ಸಾಕು ಎಂದು ನನ್ನ ಅಭಿಪ್ರಾಯ. ಹೊಸ ಕಡೆ ಹೋಗುವವರಿಗೆ ನಕಾಶೆ ಬೇಕು, ಆದರೆ ಅದನ್ನು ದೊಡ್ಡದು ಮಾಡಿ ನೋಡುವ ಅಭ್ಯಾಸವೂ ಬೇಕು. 2014ರ ನವೆಂಬರ್ 29ರಂದು ವೋಲ್ವೊ ಓಷನ್ ರೇಸ್ ಸ್ಪರ್ಧೆಯ ವೆಸ್ಟಾಸ್ ತಂಡದ ಹಾಯಿದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕಾರಾಜೋಸ್ ಹವಳದ ದಿಬ್ಬಕ್ಕೆ ಬಡಿಯಿತು. ನುರಿತ ನಾವಿಕರು, ಉತ್ತಮ ಉಪಕರಣ. ದೂರದಿಂದ ನೋಡುವ ಅಳತೆಯಲ್ಲಿ ಆ ನಕಾಶೆ ದಿಬ್ಬದ ಅಪಾಯವನ್ನು ಸರಿಯಾಗಿ ತೋರಿಸುತ್ತಿರಲಿಲ್ಲ, ಹತ್ತಿರಕ್ಕೆ ಎಳೆದು ನೋಡಿದ್ದರೆ ಕಾಣುತ್ತಿತ್ತು. ಪುಣ್ಯಕ್ಕೆ ಎಲ್ಲರೂ ಬದುಕಿದರು. ನಕಾಶೆಯಲ್ಲಿ ಬರೆದ ಆಳ ನೀರು ತೀರ ಇಳಿದಾಗಿನದು, ನಿಮ್ಮ ಫಿಶ್‌ಫೈಂಡರ್ ತೋರುವುದು ಈ ಹೊತ್ತಿನದು. ಎರಡೂ ಹೊಂದದಿದ್ದರೆ ಗಾಬರಿ ಬೇಡ.

ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದೋ, ಬೇರೆ ಬೇರೆಯೋ ಎಂದು ತುಂಬ ಜನ ಕೇಳುತ್ತಾರೆ. ಸಣ್ಣ ದೋಣಿಗೆ ನಾನು ಕೂಡಿದ್ದನ್ನೇ ಹೇಳುತ್ತೇನೆ. ಜಾಗದ ಉಳಿತಾಯಕ್ಕಿಂತ ದೊಡ್ಡ ಕಾರಣ ಒಂದಿದೆ. ಬಂಡೆಯ ತಲೆ ಪರದೆಯಲ್ಲಿ ಕಂಡು ನೀವು ಗುಂಡಿ ಒತ್ತುವ ಹೊತ್ತಿಗೆ ದೋಣಿ ಅದನ್ನು ದಾಟಿರುತ್ತದೆ. ಕೂಡಿದ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ಕರ್ಸರನ್ನು ಹಿಂದಕ್ಕೆ ಸರಿಸಿ ಆ ಬಂಡೆಯ ಚಿತ್ರದ ಮೇಲೇ ಇಟ್ಟು ಗುರುತು ಹಾಕಬಹುದು, ಆ ಸದ್ದು ಬಂದ ಜಾಗವನ್ನೇ ಅದು ಬರೆದುಕೊಳ್ಳುತ್ತದೆ. ಆಂಟೆನಾ ದೋಣಿಯ ಮುಂದೆ, ಟ್ರಾನ್ಸ್‌ಡ್ಯೂಸರ್ ಹಿಂದೆ ಇದ್ದರೆ ಆ ಉದ್ದದಷ್ಟು ವ್ಯತ್ಯಾಸ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಒಂದೇ ಪೆಟ್ಟಿಗೆ ಕೆಟ್ಟರೆ ಎರಡೂ ಹೋಯಿತಲ್ಲ ಎಂಬ ಚಿಂತೆ ಸರಿಯಾದದ್ದೇ. ಅದಕ್ಕೆ ಬ್ಯಾಟರಿ ಸೆಲ್ಲಿನ ಸಣ್ಣ ಕೈ ಜಿಪಿಎಸ್, ಅದಿಲ್ಲದಿದ್ದರೆ ನಕಾಶೆ ಮೊದಲೇ ಇಳಿಸಿಟ್ಟ ಫೋನು, ನೀರು ಹೋಗದ ಚೀಲದಲ್ಲಿ ಇರಲಿ. ಫೋನಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ.

ಕೊನೆಗೆ ಪರದೆಗೆ ಬಂದೆವು. ಇಂಚಿಗಿಂತ ಮೊದಲು ಚುಕ್ಕಿ ಎಣಿಸಿ. ಮೇಲಿಂದ ಕೆಳಗೆ 480 ಚುಕ್ಕಿಗಳ ಪರದೆಯಲ್ಲಿ 40 ಮೀಟರ್ ಆಳ ತೋರಿಸಿದರೆ ಒಂದು ಚುಕ್ಕಿಗೆ 8 ಸೆಂಟಿಮೀಟರಿಗೂ ಹೆಚ್ಚು. ನೆಲದಿಂದ ಒಂದು ಗೇಣು ಮೇಲಿರುವ ಮೀನಿಗೆ ಸಿಗುವುದು ಎರಡು ಮೂರು ಚುಕ್ಕಿ ಅಷ್ಟೇ. ತಳದ ಕೊನೆಯ 5 ಮೀಟರನ್ನು ಮಾತ್ರ ದೊಡ್ಡದು ಮಾಡಿ ತೋರಿಸಿದರೆ ಚುಕ್ಕಿಗೆ ಒಂದು ಸೆಂಟಿಮೀಟರ್. ನಕಾಶೆ, ಸೋನಾರ್ (ಸದ್ದಿನಿಂದ ಮೂಡುವ ನೀರಿನಡಿಯ ಚಿತ್ರ) ಎರಡನ್ನೂ ಪಕ್ಕಪಕ್ಕ ನೋಡುವ ಉದ್ದೇಶವಿದ್ದರೆ 7 ಇಂಚಿಗೆ ಕಡಿಮೆ ಬೇಡ, ಒಂದೊಂದಾಗಿ ನೋಡುವವರಿಗೆ 5 ಸಾಕು. ಅಂಗಡಿಯ ಒಳಗೆ ನೋಡಿ ಒಪ್ಪಬೇಡಿ, ಬಿಸಿಲಿಗೆ ತಂದು ತೋರಿಸಿ ಎನ್ನಿ. ನೀವು ತಂಪು ಕನ್ನಡಕ ಹಾಕುವವರಾದರೆ ಅದನ್ನು ಹಾಕಿಕೊಂಡೇ ನೋಡಿ, ತಲೆ ಅತ್ತಿತ್ತ ವಾಲಿಸಿ. ಪೋಲರೈಸ್ಡ್ ಗಾಜಿನಲ್ಲಿ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರಾ ಕಪ್ಪಾಗಿಬಿಡುತ್ತವೆ. ಬಲೆ ಎಳೆದ ಒದ್ದೆ ಕೈ, ಮೀನಿನ ಲೋಳೆ ಮೆತ್ತಿದ ಬೆರಳು ಬರೀ ಟಚ್ ಪರದೆಯಲ್ಲಿ ಕೆಲಸ ಮಾಡುವುದಿಲ್ಲ. ಗುಂಡಿಗಳೂ ಇರುವಂಥದ್ದನ್ನೇ ಆರಿಸಿ. ಐಪಿಎಕ್ಸ್7 ಎಂದು ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳಬೇಕು ಎಂದರ್ಥ.

ಬ್ಯಾಟರಿಯ ಲೆಕ್ಕವನ್ನು ಮನೆಯಲ್ಲೇ ಹಾಕಿ ಹೋಗಿ. 12 ವೋಲ್ಟಿನಲ್ಲಿ ಒಂದು ಆಂಪಿಯರ್ ಎಳೆಯುವ ಮೆಷಿನ್ 10 ಗಂಟೆ ಓಡಿದರೆ 10 ಆಂಪಿಯರ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಬಾರದು, ಆದ್ದರಿಂದ ಕನಿಷ್ಠ 20ರದ್ದು ಬೇಕು. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೇ ಕೊಟ್ಟರೆ ಸೆಲ್ಫ್ ಹೊಡೆದಾಗಲೆಲ್ಲ ವೋಲ್ಟೇಜ್ ಕುಸಿದು ಮೆಷಿನ್ ಆರಿ ಹತ್ತುತ್ತದೆ. ಪುಸ್ತಿಕೆಯಲ್ಲಿ ಹೇಳಿದ ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಹಾಕಿ. ಟ್ರಾನ್ಸ್‌ಡ್ಯೂಸರಿನ ಕೇಬಲ್ ಉದ್ದವಾಯಿತೆಂದು ಕತ್ತರಿಸಬೇಡಿ, ಎಂಜಿನ್ ವೈರಿನ ಜೊತೆ ಕಟ್ಟಬೇಡಿ. ಪರದೆಯಲ್ಲಿ ಕಾರಣವಿಲ್ಲದ ಗೀರು ಮೂಡುವುದು ಅಲ್ಲಿಂದಲೇ.

ಪಕ್ಕಕ್ಕೆ ನೋಡುವ ಸೋನಾರ್ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಕೆರೆ, ಹಿನ್ನೀರು, ಅಳಿವೆಯ ಶಾಂತ ನೀರಿನಲ್ಲಿ ಮುಳುಗಿದ ಮರ, ಹಳೆಯ ಕಟ್ಟಡ ಹುಡುಕಲು ಅದ್ಭುತ. ನೇರ ಗೆರೆಯಲ್ಲಿ ನಿಧಾನ ಹೋಗಬೇಕು. ಹೊರಳಾಡುವ ಸಮುದ್ರದ ಸಣ್ಣ ದೋಣಿಗೆ ಆ ಖರ್ಚನ್ನು ಒಳ್ಳೆಯ ಟ್ರಾನ್ಸ್‌ಡ್ಯೂಸರಿಗೆ ಹಾಕಿ. ದೋಣಿಗಳ ನಡುವೆ, ದಂಡೆಯ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ ಇದ್ದರೆ ಜಿಪಿಎಸ್ ಜೊತೆ ತಂತಿ ಜೋಡಿಸಿ. ಡಿಎಸ್‌ಸಿ (ಗುಂಡಿ ಒತ್ತಿದರೆ ತುರ್ತು ಕರೆಯನ್ನು ತಾನೇ ಕಳಿಸುವ ಸೌಲಭ್ಯ) ಇರುವ ರೇಡಿಯೊದ ಕೆಂಪು ಗುಂಡಿ ಒತ್ತಿದಾಗ ನಿಮ್ಮ ಜಾಗವೂ ಕರೆಯ ಜೊತೆ ಹೋಗುತ್ತದೆ.

ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಕೇಳಿದರು: "ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಮಾರು ಲೆಕ್ಕದಲ್ಲಿ ಆಳ ನೋಡುತ್ತಿದ್ದೆವು. ಈಗ ಅದನ್ನು ಬಿಸಾಕಬೇಕೋ?" ಬೇಡ, ಯಜಮಾನರೆ. ಹೊಸ ಮೆಷಿನ್ನಿನ ಮೊದಲ ದಿನ ಅದೇ ನಮಗೆ ಬೇಕಾದದ್ದು. ಗಾಳಿ ಇಲ್ಲದ ಬೆಳಿಗ್ಗೆ, ನಿಮಗೆ ಗೊತ್ತಿರುವ ಜಾಗದಲ್ಲಿ ದೋಣಿ ನಿಲ್ಲಿಸಿ. ಟ್ರಾನ್ಸ್‌ಡ್ಯೂಸರಿನ ಪಕ್ಕದಲ್ಲೇ ಗುಂಡನ್ನು ನಿಧಾನ ಇಳಿಸಿ. ಮೊದಲ ಒಂದೆರಡು ಮೀಟರ್ ಏನೂ ಕಾಣುವುದಿಲ್ಲ, ಗುಂಡು ಇನ್ನೂ ಶಂಕುವಿನ ಹೊರಗಿದೆ. ಆಮೇಲೆ ಪರದೆಯ ಬಲಗಡೆ ಒಂದು ತೆಳು ಗೆರೆ ಹುಟ್ಟಿ ಓರೆಯಾಗಿ ಕೆಳಕ್ಕೆ ಇಳಿಯತೊಡಗುತ್ತದೆ. ಐದು ಮಾರಿಗೆ ಹಗ್ಗ ಹಿಡಿದು ನಿಲ್ಲಿಸಿ. ಗೆರೆ ಒಂಬತ್ತು ಮೀಟರಿನ ಹತ್ತಿರ ಮಟ್ಟಸವಾಗಿ ಓಡುತ್ತದೆ. ಕೈಯನ್ನು ಒಂದು ಗೇಣು ಮೇಲೆ ಕೆಳಗೆ ಆಡಿಸಿ, ಗೆರೆಯೂ ಅಲೆಯಾಡುತ್ತದೆ. ಅದು ಕಾಣದಿದ್ದರೆ ಸೂಕ್ಷ್ಮತೆಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಕಂಡ ಕೂಡಲೇ ಅಲ್ಲಿಗೆ ನಿಲ್ಲಿಸಿ. ಈಗ ಗುಂಡನ್ನು ನೆಲ ಮುಟ್ಟಿಸಿ, ಹಗ್ಗದಲ್ಲಿ ಎಷ್ಟು ಮಾರು ಬಂತು, ಪರದೆಯಲ್ಲಿ ಎಷ್ಟು ಮೀಟರ್ ಇದೆ ನೋಡಿ. ವ್ಯತ್ಯಾಸವಿದ್ದರೆ ಅದು ನೀರಿನ ಮೇಲ್ಮೈಯಿಂದ ಟ್ರಾನ್ಸ್‌ಡ್ಯೂಸರಿನವರೆಗಿನ ಅಂತರ, ಸೆಟ್ಟಿಂಗಿನಲ್ಲಿ ತುಂಬಿಸಿ. ಗುಂಡಿನ ತಳಕ್ಕೆ ಸ್ವಲ್ಪ ಗ್ರೀಸ್ ಮೆತ್ತಿ ಇನ್ನೊಮ್ಮೆ ಬಿಟ್ಟು ಎತ್ತಿ. ಅಂಟಿಕೊಂಡು ಬಂದದ್ದು ಮರಳೋ, ಕೆಸರೋ, ಚಿಪ್ಪಿನ ಪುಡಿಯೋ ಎಂದು ಬೆರಳಲ್ಲಿ ತಿಕ್ಕಿ ನೋಡಿ, ಆ ಹೊತ್ತಿನಲ್ಲಿ ಪರದೆಯ ತಳದ ಗೆರೆ ಯಾವ ಬಣ್ಣ, ಎಷ್ಟು ದಪ್ಪ ಇತ್ತೆಂದು ಬರೆದಿಟ್ಟುಕೊಳ್ಳಿ. ನಾಲ್ಕೈದು ಜಾಗದಲ್ಲಿ ಹೀಗೆ ಮಾಡಿ. ಆ ಚೀಟಿಯನ್ನು ಮೆಷಿನ್ನಿನ ಪಕ್ಕದಲ್ಲೇ ಅಂಟಿಸಿ.